ಮಾಲ್ದೀವ್ಸ್ ಎಂದರೆ ಬರೀ ರೆಸಾರ್ಟೇ?

‘ಮಾಲ್ದೀವ್ಸ್‌ನಲ್ಲಿ ಪ್ರವಾಸಿಗರು ದುಬಾರಿ ರೆಸಾರ್ಟ್ ಬಿಟ್ಟು ಬೇರೆಲ್ಲೂ ಉಳಿಯುವಂತಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ಸತ್ಯಾಂಶ: ಇದು ಹಳೇ ಕಥೆ. ಹಿಂದೆ ಪ್ರವಾಸಿಗರನ್ನು ಜನವಸತಿಯಿಲ್ಲದ ದ್ವೀಪಗಳ ರೆಸಾರ್ಟ್‌ಗಳಲ್ಲೇ ಇರಿಸುವ ನೀತಿಯಿತ್ತು, ನಿಜ. 2010ರ ಹೊತ್ತಿಗೆ ಅದು ಸಡಿಲವಾಯಿತು. ಈಗ ಮಾಫುಶಿ, ತುಲುಸ್ಧೂ, ಧಿಗುರಾದಂಥ ದ್ವೀಪದ ಊರುಗಳಲ್ಲಿ, ಸ್ಥಳೀಯರ ಮನೆಗಳ ನಡುವೆಯೇ ಗೆಸ್ಟ್‌ಹೌಸ್‌ಗಳಿವೆ. ರಾಜಧಾನಿ ಮಾಲೆಯಿಂದ ಮಾಫುಶಿಗೆ ಸಾರ್ವಜನಿಕ ದೋಣಿಯೂ ಉಂಟು. ನಿಧಾನ, ಆದರೆ ಸ್ಪೀಡ್‌ಬೋಟ್‌ಗಿಂತ ಎಷ್ಟೋ ಅಗ್ಗ.

ಷರತ್ತುಗಳೂ ಇವೆ, ಅನ್ನಿ. ಈ ಊರುಗಳಲ್ಲಿ ಮದ್ಯ ಸಿಗುವುದಿಲ್ಲ, ಬ್ಯಾಗಿನಲ್ಲಿ ಒಯ್ಯುವಂತೆಯೂ ಇಲ್ಲ. ಈಜುಡುಗೆಗೆ ಪ್ರತ್ಯೇಕ ಕಡಲತೀರ. ಉಳಿದೆಡೆ ಮೈಮುಚ್ಚುವ ಬಟ್ಟೆ ಬೇಕು. ಭಾರತೀಯ ಪ್ರವಾಸಿಗರಿಗೆ ಅಲ್ಲಿ ಇಳಿದ ಮೇಲೆ 90 ದಿನಗಳ ವೀಸಾ ಉಚಿತ. ವಾಸ್ತವ್ಯದ ಬುಕಿಂಗ್, ವಾಪಸ್ ಟಿಕೆಟ್ ತೋರಿಸಬೇಕಾಗುತ್ತದೆ.