ಒಂದು ಅಕ್ಷರಕ್ಕೆ ಒಂದೇ ಅರ್ಥ ಇರಲಿ

ಕಮಾಂಡ್ ಲೈನ್ ಟೂಲ್ (ಸಾಲು ಟೈಪ್ ಮಾಡಿ ನಡೆಸುವ ಪ್ರೋಗ್ರಾಮ್) ಬರೆಯುವವರಿಗೆ ಒಂದು ಕೋರಿಕೆ. ಕೋಡ್‌ಗೆ ಕೈ ಹಾಕುವ ಮೊದಲು, ಬಳಸುವವರು ಟೈಪ್ ಮಾಡಬೇಕಾದ ಹತ್ತು-ಹದಿನೈದು ಸಾಲುಗಳನ್ನು ಹಾಳೆಯ ಮೇಲೆ ಬರೆದು ನೋಡಿ. ಒಳಗಿನ ಕೋಡನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಸಿಂಟ್ಯಾಕ್ಸ್, ಅಂದರೆ ಆ ಸಾಲು ಬರೆಯುವ ರೀತಿ, ಹಾಗಲ್ಲ; ಜನರ ಕೈಗೆ ರೂಢಿಯಾಗಿ ಸ್ಕ್ರಿಪ್ಟ್‌ಗಳೊಳಗೆ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲುಗಳೊಳಗೆ) ಸೇರಿಕೊಂಡ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ.

ಹೈಫನ್ ಜೊತೆ ಒಂಟಿ ಅಕ್ಷರದಲ್ಲಿ ಬರೆಯುವ ಆಪ್ಷನ್‌ಗಳನ್ನೇ ನೋಡಿ. ಬೇರೆ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಕೊಡಲು ಸಣ್ಣ ಪಿ, ಅದರ ಜೊತೆಗೇ ಬರುವ, ಫೈಲ್ ಕಾಪಿ ಮಾಡುವ ಎಸ್‌ಸಿಪಿಯಲ್ಲಿ ದೊಡ್ಡ ಪಿ. ಅದಕ್ಕಿಂತ ಹಳೆಯ ಕಾಪಿ ಕಮಾಂಡ್ ಆರ್‌ಸಿಪಿಯಲ್ಲಿ ಸಣ್ಣ ಪಿ ಎಂದರೆ ಫೈಲಿನ ಸಮಯ, ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಎಂಬುದು) ಇದ್ದ ಹಾಗೇ ಉಳಿಸು ಎಂದು. ಎಸ್‌ಸಿಪಿಗೂ ಅದೇ ಬಂತು. ಹಾಗಾಗಿ ಎಸ್‌ಸಿಪಿಗೆ ಸಣ್ಣ ಪಿ ಹಾಕಿ ಪೋರ್ಟ್ 2222 ಎಂದು ಕೊಟ್ಟರೆ, ಅದು 2222 ಎಂಬ ಹೆಸರಿನ ಫೈಲ್ ಹುಡುಕುತ್ತದೆ.

ಇದಾದರೂ ಎರರ್ ಕೊಡುತ್ತದೆ. ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಇನ್ನೂ ಅಪಾಯ. ಕಾಪಿ ಮಾಡುವ ಸಿಪಿ, ಪದ ಹುಡುಕುವ ಗ್ರೆಪ್ ಎರಡರಲ್ಲೂ ಸಣ್ಣ ಆರ್ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ಸೇರಿಸು ಎಂದು. ಅದೇ ರೂಢಿಯಲ್ಲಿ ಸಿಎಚ್‌ಮಾಡ್‌ಗೆ -ಆರ್ 755 (ಇದು ಪರ್ಮಿಷನ್‌ನ ಸಂಖ್ಯೆ) ಎಂದು ಬರೆದು ಫೋಲ್ಡರ್ ಹೆಸರು ಕೊಟ್ಟರೆ, '755 ಎಂಬ ಫೈಲ್ ಇಲ್ಲ' ಎಂದು ಗೊಣಗುತ್ತದೆ, ಜೊತೆಗೆ ಆ ಫೋಲ್ಡರ್‌ನ ರೀಡ್ ಪರ್ಮಿಷನ್ ಕಿತ್ತುಹಾಕುತ್ತದೆ! ಅಲ್ಲಿ ಮೈನಸ್ ಆರ್ ಎಂದರೆ 'ಓದುವ ಹಕ್ಕು ತೆಗೆ'. ಎಲ್ಲವನ್ನೂ ಸೇರಿಸಲು ದೊಡ್ಡ ಆರ್ ಬೇಕು.

ಹಲವು ಫೈಲುಗಳನ್ನು ಒಂದೇ ಆರ್ಕೈವ್ ಆಗಿ ಕಟ್ಟುವ ಟಾರ್‌ನಲ್ಲಿ ಅಕ್ಷರಗಳ ಕ್ರಮವೇ ಕೈಕೊಡುತ್ತದೆ. ಹೈಫನ್ ಹಾಕಿ -ಸಿಎಫ್‌ಝಡ್ (ಸಿ: ಹೊಸದು ಮಾಡು, ಎಫ್: ಫೈಲಿನ ಹೆಸರು, ಝಡ್: ಕಂಪ್ರೆಸ್ ಮಾಡು) ಎಂದರೆ, ಎಫ್ ತನ್ನ ಪಕ್ಕದ ಝಡ್ ಅನ್ನೇ ಫೈಲಿನ ಹೆಸರು ಎಂದುಕೊಳ್ಳುತ್ತದೆ. ಝಡ್ ಎಂಬ, ಕಂಪ್ರೆಸ್ ಆಗದ ಆರ್ಕೈವ್ ಹುಟ್ಟುತ್ತದೆ. ಹೈಫನ್ ಇಲ್ಲದೆ ಅದೇ ಮೂರು ಅಕ್ಷರ ಬರೆದರೆ ಸರಿಯಾಗಿ ನಡೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ ಎಂದು ಬಳಕೆದಾರರಿಗೆ ಹೇಳುವುದು ಅನ್ಯಾಯ.

ನಿಮ್ಮ ಟೂಲ್‌ನಲ್ಲಿ ಎಚ್, ವಿ, ಕ್ಯೂ, ಓ, ಎನ್ ಇವನ್ನು ಮೊದಲೇ ಕಾದಿರಿಸಿ: ಹೆಲ್ಪ್, ವರ್ಬೋಸ್ (ವಿವರವಾಗಿ ಹೇಳು), ಕ್ವೈಟ್ (ಸುಮ್ಮನಿರು), ಔಟ್‌ಪುಟ್, ಡ್ರೈ ರನ್ (ನಿಜವಾಗಿ ಮಾಡದೆ ತೋರಿಸು). ಯಾವ ಸಬ್‌ಕಮಾಂಡ್‌ನಲ್ಲೂ (ಟೂಲ್‌ನ ಒಳಗಿನ ಕಮಾಂಡ್‌ನಲ್ಲೂ) ಇವುಗಳ ಅರ್ಥ ಬದಲಾಗಬಾರದು. ಪ್ರತಿ ಒಂಟಿ ಅಕ್ಷರಕ್ಕೂ ಉದ್ದನೆಯ ಹೆಸರು ಇರಲೇಬೇಕು, ಆದರೆ ಪ್ರತಿ ಉದ್ದನೆಯ ಹೆಸರಿಗೂ ಒಂಟಿ ಅಕ್ಷರ ಬೇಡ. ದಿನಾ ಬಳಸುವ ನಾಲ್ಕೈದಕ್ಕೆ ಸಾಕು. ಡೇಟಾ ಅಳಿಸುವಂಥದ್ದಕ್ಕಂತೂ ಪೂರ್ತಿ ಪದವನ್ನೇ ಟೈಪ್ ಮಾಡಿಸಿ.

ಸಬ್‌ಕಮಾಂಡ್‌ಗಳಲ್ಲಿ ಕ್ರಿಯೆ ಮೊದಲೋ ವಸ್ತು ಮೊದಲೋ, ಒಂದನ್ನು ನಿರ್ಧರಿಸಿ. ಸರ್ವರ್‌ಗಳ ಮೇಲೆ ಕಂಟೇನರ್‌ಗಳನ್ನು (ಪ್ರತ್ಯೇಕವಾಗಿ ಕಟ್ಟಿಟ್ಟು ನಡೆಸುವ ಪ್ರೋಗ್ರಾಮ್‌ಗಳನ್ನು) ನಿಭಾಯಿಸುವ ಕ್ಯೂಬ್‌ಸಿಟಿಎಲ್‌ನಲ್ಲಿ 'ಗೆಟ್ ಪಾಡ್ಸ್' ಕಲಿತವರು 'ಡಿಲೀಟ್ ಪಾಡ್' ಎಂಬುದನ್ನು ತಾವೇ ಊಹಿಸುತ್ತಾರೆ. ಕಂಟೇನರ್ ನಡೆಸುವ ಡಾಕರ್‌ನಲ್ಲಿ ಕಂಟೇನರ್ ತೆಗೆಯಲು ಆರ್‌ಎಮ್, ಇಮೇಜ್ (ಕಂಟೇನರ್‌ನ ಅಚ್ಚು) ತೆಗೆಯಲು ಆರ್‌ಎಮ್‌ಐ ಎಂದಿತ್ತು, 2017ರ 1.13 ಆವೃತ್ತಿಯಲ್ಲಿ 'ಕಂಟೇನರ್ ಆರ್‌ಎಮ್', 'ಇಮೇಜ್ ಆರ್‌ಎಮ್' ಬಂದವು. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ಚೆಕ್‌ಔಟ್ ಬ್ರಾಂಚ್ (ಕೋಡಿನ ಕವಲು) ಬದಲಿಸುವುದನ್ನೂ ಫೈಲನ್ನು ಹಳೆಯ ಸ್ಥಿತಿಗೆ ತರುವುದನ್ನೂ ಒಟ್ಟಿಗೆ ಹೊತ್ತಿತ್ತು. 2019ರಲ್ಲಿ 2.23 ಆವೃತ್ತಿ ಸ್ವಿಚ್, ರಿಸ್ಟೋರ್ ಎಂದು ಬೇರೆ ಮಾಡಿತು. ಎರಡೂ ಕಡೆ ಹಳೆಯ ಕಮಾಂಡ್‌ಗಳನ್ನು ಮಾತ್ರ ತೆಗೆಯಲಾಗಲಿಲ್ಲ.

ಇನ್ನೊಂದು ಮಾತು, ಆಪ್ಷನ್‌ಗಳನ್ನು ಓದಿಕೊಡುವ ಪೈಥಾನ್‌ನ ಆರ್ಗ್‌ಪಾರ್ಸ್ ಬಳಸುವವರಿಗೆ. ಅದು ಉದ್ದನೆಯ ಆಪ್ಷನ್‌ನ ಅರ್ಧ ಹೆಸರನ್ನೂ ಒಪ್ಪುತ್ತದೆ. ಇವತ್ತು ಯಾರೋ 'ವರ್ಬೋಸ್' ಬದಲು 'ವರ್' ಎಂದು ಸ್ಕ್ರಿಪ್ಟ್‌ನಲ್ಲಿ ಬರೆದಿರುತ್ತಾರೆ, ನಾಳೆ ನೀವು 'ವೆರಿಫೈ' ಸೇರಿಸಿದ ಕೂಡಲೇ ಸ್ಪೆಲಿಂಗ್‌ನ ಮೊದಲ ಮೂರು ಅಕ್ಷರ ಒಂದೇ ಆಗಿ ಅವರ ಸ್ಕ್ರಿಪ್ಟ್ ನಿಲ್ಲುತ್ತದೆ. ಮೊದಲ ರಿಲೀಸ್‌ನಲ್ಲೇ ಅರ್ಧ ಹೆಸರು ಒಪ್ಪುವ ಸೆಟ್ಟಿಂಗ್ ಅಲೋ_ಅಬ್ರೆವ್ ಅನ್ನು ಫಾಲ್ಸ್ ಮಾಡಿಬಿಡಿ.