ನಾಲ್ಕು ಪಾಯಿಂಟ್ ಏಳು ವರಗಳು

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಪರಿಚಯದ ಕಾಕಾ ಒಬ್ಬರು ಮಗಳಿಗೆ ವರ ಹುಡುಕಲು ಎಕ್ಸೆಲ್ ಶೀಟ್ ಮಾಡಿಸಿದ್ದಾರೆ. ಮಾಡಿಕೊಟ್ಟವನು ಅವರ ಅಣ್ಣನ ಮಗ. ಬೆಂಗಳೂರಿನಲ್ಲಿ ಡೇಟಾ ನೋಡುವ ಕೆಲಸ, ಹಾಗಾಗಿ ಎಲ್ಲದಕ್ಕೂ ಶೇಕಡಾ ಹಾಕುತ್ತಾನೆ.

ಅಮೆರಿಕದವರಿಗೆ ಇಂಥ ಲೆಕ್ಕ ನೆಟ್ಟಿನಲ್ಲೇ ಸಿಗುತ್ತದೆ. ವಯಸ್ಸು, ಎತ್ತರ, ಸಂಬಳ ಒತ್ತಿದರೆ ಸಾಕು, ಅಂಥ ಹುಡುಗರು ನೂರಕ್ಕೆ ಎಷ್ಟು ಅಂತ ಸರ್ಕಾರಿ ಅಂಕಿ ಹಿಡಿದು ಹೇಳಿಬಿಡುತ್ತದೆ. 2010ರಲ್ಲಿ ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಪೀಟರ್ ಬ್ಯಾಕಸ್ ಎಂಬ ಅರ್ಥಶಾಸ್ತ್ರದವನು ಇನ್ನೂ ಮುಂದೆ ಹೋಗಿದ್ದ. ಬೇರೆ ಗ್ರಹಗಳಲ್ಲಿ ಬುದ್ಧಿವಂತರು ಇದ್ದಾರಾ ಅಂತ ಅಂದಾಜು ಮಾಡಲು ಫ್ರಾಂಕ್ ಡ್ರೇಕ್ 1961ರಲ್ಲಿ ಬರೆದ ಸಮೀಕರಣವನ್ನೇ ತೆಗೆದುಕೊಂಡು, ತನಗೆ ಹೊಂದುವ ಹುಡುಗಿಯರನ್ನು ಲೆಕ್ಕ ಹಾಕಿದ. ಇಡೀ ಲಂಡನ್ನಿನಲ್ಲಿ 26 ಮಂದಿ! ಅಷ್ಟು ಜನ ನಮ್ಮಲ್ಲಿ ಎರಡು ಕ್ರೂಸರ್ ಗಾಡಿ ಮಾಡಿಕೊಂಡು ಒಂದೇ ಕನ್ಯಾ ನೋಡಲು ಹೋಗುತ್ತಾರೆ.

ಇರಲಿ, ಕಾಕಾನ ಶೀಟಿಗೆ ಬರೋಣ. 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡದ ಜನ 9 ಲಕ್ಷ 43 ಸಾವಿರದ ಮೇಲೆ. ಅರ್ಧದಷ್ಟು ಗಂಡಸರು ಅಂತ ಹಿಡಿದರೆ 4 ಲಕ್ಷ 70 ಸಾವಿರ. ಈಗ ಕಾಕಾನ ಷರತ್ತು. ವಯಸ್ಸು ಸರಿ ಇರಬೇಕು. ನಮ್ಮ ಪೈಕಿ, ಅದರಲ್ಲೂ ನಮ್ಮ ಒಳಪಂಗಡ ಇರಬೇಕು. ಪರ್ಮನೆಂಟ್ ನೌಕರಿ ಬೇಕು. ಸ್ವಂತ ಮನೆ ಬೇಕು. ಆರು ಅಡಿ ಎತ್ತರ ಬೇಕು. ಒಂದೊಂದಕ್ಕೂ ಹತ್ತರಲ್ಲಿ ಒಬ್ಬ ಪಾಸಾಗ್ತಾನೆ ಅಂತ ಅಣ್ಣನ ಮಗ ತಾನೇ ಅಂದಾಜು ಹಾಕಿ ಗುಣಿಸಿದ. ಉತ್ತರ 4.7.

ಕಾಕಾಗೆ ಆ ನಾಲ್ವರ ಚಿಂತೆ ಇಲ್ಲ. ಪಾಯಿಂಟ್ ಏಳು ಯಾರು ಅನ್ನೋದೇ ತಲೆನೋವು. "ಕಾಂಟ್ರ್ಯಾಕ್ಟ್ ನೌಕರಿ ಇರಬೇಕು ತಗೀ," ಅಂತ ಅವನನ್ನೂ ತೆಗೆಸಿದರು.

ಆರು ಅಡಿ ಅಂದ್ರೆ 183 ಸೆಂಟಿಮೀಟರ್. ನಮ್ಮ ದೇಶದ ಗಂಡಸರ ಸರಾಸರಿ 165ರ ಆಸುಪಾಸು. ಹತ್ತರಲ್ಲಿ ಒಬ್ಬ ಅಂತ ಹಿಡಿದದ್ದೇ ದೊಡ್ಡ ಧಾರಾಳ. ಕಾಕಾ ಸ್ವತಃ ಐದಡಿ ನಾಲ್ಕಿಂಚು. ಇನ್ನೊಂದು ತಮಾಷೆ ನೋಡಿ. 2021ರ ಜನಗಣತಿ ನಡೆಯಲೇ ಇಲ್ಲ, ಶೀಟಿನಲ್ಲಿರೋದು 2011ರ ಗಂಡಸರು. ಆಗ ಇಪ್ಪತ್ತೆಂಟು ವರ್ಷ ಆಗಿದ್ದವನಿಗೆ ಈಗ ನಲವತ್ತು ದಾಟಿದೆ, ಅವನ ಮಗಳೇ ಹೈಸ್ಕೂಲಿಗೆ ಹೋಗ್ತಿರಬಹುದು.

ಗುಣಾಕಾರದಲ್ಲೂ ಎಡವಟ್ಟಿದೆ. ಷರತ್ತುಗಳು ಒಂದಕ್ಕೊಂದು ಸಂಬಂಧ ಇಲ್ಲದಂತೆ ಕೂತಿರೋದಿಲ್ಲ. ಪರ್ಮನೆಂಟ್ ನೌಕರಿ ಇದ್ದವನಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಮನೆಯೂ ಆಗುತ್ತದೆ. ಕೆಲವು ಷರತ್ತುಗಳು ಜೊತೆಜೊತೆಗೆ ಬರುತ್ತವೆ, ಕೆಲವು ಹೊಡೆದಾಡುತ್ತವೆ. ಕಾಕಾನ ಆರನೇ ಷರತ್ತು ಎರಡನೇ ಬಗೆಯದು: ನವಲಗುಂದದ ಕಡೆ ಹತ್ತು ಎಕರೆ ಎರಿ ಹೊಲ ಇರಬೇಕು, ಹುಡುಗ ಮಾತ್ರ ರೈತ ಆಗಿರಬಾರದು. ಹೊಲ ಬೇಕು, ಕಾಲಿಗೆ ಮಣ್ಣು ಹತ್ತಬಾರದು. ಇದನ್ನು ಹಾಕಿದ ಕೂಡಲೇ ಶೀಟ್ ಸೊನ್ನೆ ತೋರಿಸಿತು. ಕಂಪ್ಯೂಟರ್ ಕೆಟ್ಟಿದೆ ಅಂದರು ಕಾಕಾ.

ಗಂಡಿನ ಕಡೆಯವರು ಕಡಿಮೆ ಅಂದ್ಕೋಬೇಡಿ. ಅವರಿಗೆ ಇಂಜಿನಿಯರಿಂಗ್ ಓದಿದ ಹುಡುಗಿ ಬೇಕು, ನೌಕರಿಗೂ ಹೋಗಬೇಕು, ಸಂಜೆ ಬಂದು ತೆಳ್ಳಗೆ ಜೋಳದ ರೊಟ್ಟಿ ಬಡಿಯಬೇಕು, ಎದುರುತ್ತರ ಕೊಡಬಾರದು. ಒಟ್ಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದ್ದಂಗೆ ಇರಬೇಕು. ಬಣ್ಣ ಜಾಸ್ತಿ, ಖಾರ ಕಡಿಮೆ. ಅಂಥವಳು ಸಿಗದಿದ್ದರೆ "ಈಗಿನ ಹುಡುಗ್ಯಾರ ಡಿಮ್ಯಾಂಡ್ ಭಾಳ ಆಗ್ಯಾವ್ರಿ" ಅಂತ ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುತ್ತಾ ಗೋಳಾಡುತ್ತಾರೆ.

ಈ ಗೋಳಿಗೂ ಜನಗಣತಿಯಲ್ಲಿ ಒಂದು ಅಂಕಿ ಇದೆ, ಅದನ್ನು ಮಾತ್ರ ಯಾರೂ ಶೀಟಿಗೆ ಹಾಕೋದಿಲ್ಲ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ಕ್ಕೆ ಅದು 946 ಆಯಿತು. ಆ ಮಕ್ಕಳೇ ಈಗ ಮದುವೆ ವಯಸ್ಸಿಗೆ ಬಂದಿದ್ದಾರೆ. ಸಾವಿರಕ್ಕೆ 54 ಗಂಡುಗಳಿಗೆ ಜೋಡಿಯೇ ಇಲ್ಲ. ಹೊಟ್ಟೆಯೊಳಗಿನ ಕೂಸು ಯಾವುದು ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಿ ಹೇಳಬಾರದು ಅಂತ 1994ರಲ್ಲೇ ಕಾನೂನು ಬಂತು. ಸುಮ್ನೆ ಬಂದಿರಲಿಲ್ಲ ಅಲ್ವಾ? ಆಗ "ಹೆಣ್ಣು ಬ್ಯಾಡ" ಅಂದ ಮನೆಗಳಲ್ಲೇ ಈಗ "ಕನ್ಯಾ ಸಿಗವಲ್ದು" ಅನ್ನೋ ರಾಗ.

ಶೀಟಿನಲ್ಲಿ ಇನ್ನೊಂದು ಕಾಲಂ ಖಾಲಿ ಇತ್ತು. ಹುಡುಗಿ ಒಪ್ಪಿದಳಾ? ಅದಕ್ಕೆ ಹತ್ತರಲ್ಲಿ ಎಷ್ಟು ಹಾಕಲಿ ಅಂತ ಅಣ್ಣನ ಮಗ ಕೇಳಿದ. "ಆಕಿನ್ನ ಯಾಕ ಕೇಳಬೇಕು, ನೂರಕ್ಕ ನೂರು ಹಾಕು," ಅಂದರು ಕಾಕಾ. ಮಗಳು ಅಲ್ಲೇ ಚಹಾ ಕಪ್ಪು ಎತ್ತುತ್ತಿದ್ದಳು. ತಾನೇ ಕೀಲಿಮಣೆ ಎಳೆದುಕೊಂಡು 0.3 ಅಂತ ಒತ್ತಿ ಹೋದಳು.

2027ರ ಜನಗಣತಿ ಮೇಲೆ ಈಗ ಕಾಕಾಗೆ ಭಾರೀ ಭರವಸೆ. ಹೊಸ ಅಂಕಿ ಬಂದರೆ ಹೊಸ ವರಗಳು ಬರ್ತಾರೆ ಅಂತ. ಅದರ ಮನೆಪಟ್ಟಿಯಲ್ಲಿ ನಿಮ್ಮ ಮನೆಯಲ್ಲಿ ಮುಖ್ಯವಾಗಿ ಉಣ್ಣುವ ಧಾನ್ಯ ಯಾವುದು ಅನ್ನೋ ಪ್ರಶ್ನೆ ಇದೆ. ಗಂಡಿನ ಕಡೆಯವರೊಬ್ಬರು ಅದನ್ನು ಓದಿ ಖುಷಿಪಟ್ಟರು. ಜೋಳ ಅಂತ ಬರೆದವರ ಮುಂದೆ, ರೊಟ್ಟಿ ಬಡಿಯುವವರು ಯಾರು, ಅವರಿಗೆ ಮದುವೆ ಆಗಿದೆಯೇ ಅಂತ ಇನ್ನೆರಡು ಕಾಲಂ ಸೇರಿಸಲು ಅರ್ಜಿ ಬರೆಸುತ್ತಿದ್ದಾರೆ.