ಚೀಲಕ್ಕೆ ಹತ್ತು ಪೆನ್ಸ್, ಪುಸ್ತಕಕ್ಕೆ ಒಂದು

ಸ್ಕಾಟ್ಲೆಂಡಿನಲ್ಲಿ ಹಳೆಯ ಪುಸ್ತಕಗಳನ್ನು ಮಾರುವ ಮನುಷ್ಯ ತನ್ನ ಸರಕಿನ ಬೆಲೆಯನ್ನು ಎಷ್ಟು ಬೇಕಾದರೂ ಇಳಿಸಬಹುದು, ಮನಸ್ಸು ಬಂದರೆ ಪುಸ್ತಕವನ್ನು ಪುಕ್ಕಟೆಯಾಗಿಯೂ ಕೊಡಬಹುದು. ಆದರೆ ಆ ಪುಸ್ತಕವನ್ನು ಹಾಕಿಕೊಡುವ ಕೈಚೀಲವನ್ನು ಪುಕ್ಕಟೆಯಾಗಿ ಕೊಟ್ಟರೆ ಮಾತ್ರ ಕಾನೂನನ್ನು ಮುರಿದಂತಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ರತಿ ಕೈಚೀಲಕ್ಕೂ ಕನಿಷ್ಠ 5 ಪೆನ್ಸ್ ವಸೂಲು ಮಾಡಬೇಕೆಂಬ ನಿಯಮ ಅಲ್ಲಿ 2014ರ ಅಕ್ಟೋಬರ್ 20ರಂದು ಜಾರಿಗೆ ಬಂತು, 2021ರ ಏಪ್ರಿಲಿನಿಂದ ಅದು 10 ಪೆನ್ಸ್ ಆಯಿತು. ಚೀಲ ಪ್ಲಾಸ್ಟಿಕ್ಕಿನದಾಗಿರಲಿ ಕಾಗದದ್ದಾಗಿರಲಿ, ಅಂಗಡಿ ನೂರು ಜನ ದುಡಿಯುವ ಮಳಿಗೆಯಾಗಿರಲಿ ಒಬ್ಬನೇ ಕುಳಿತು ಆಕಳಿಸುವ ಗೂಡಾಗಿರಲಿ, ನಿಯಮ ಒಂದೇ.

ಈ ನಿಯಮದ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಸಮುದ್ರಕ್ಕೆ ಸೇರುವ ಚೀಲಗಳು ಕಡಿಮೆಯಾದರೆ ಮೀನುಗಳಿಗೂ ನೆಮ್ಮದಿ, ಮೀನು ತಿನ್ನುವವರಿಗೂ ನೆಮ್ಮದಿ. ನನ್ನ ಕುತೂಹಲವಿರುವುದು ಚೀಲದ ಒಳಗೆ ಕೂರುವ ವಸ್ತುವಿನ ಬಗ್ಗೆ. ಅಂತರ್ಜಾಲದ ದೊಡ್ಡ ಮಳಿಗೆಗಳಲ್ಲಿ ಬಳಸಿದ ಪುಸ್ತಕಗಳ ಮಾರಾಟ ಆರಂಭವಾದ ಮೇಲೆ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಲಕ್ಷಾಂತರ ಪುಸ್ತಕಗಳ ಮುಂದೆ ಕಾಣುತ್ತಿದ್ದ ಬೆಲೆ ಒಂದು ಪೆನ್ನಿ. ಅದರ ಮೇಲೆ ಅಂಚೆಯ ವೆಚ್ಚವೆಂದು 2 ಪೌಂಡ್ 80 ಪೆನ್ಸ್. ಗೋದಾಮುಗಳಲ್ಲಿ ಪುಸ್ತಕಗಳನ್ನು ಟನ್ನಿನ ಲೆಕ್ಕದಲ್ಲಿ ರಾಶಿ ಹಾಕಿಕೊಂಡ ವ್ಯಾಪಾರಿಗಳು ಅಂಚೆಯವರ ಬಳಿ ಸಗಟು ರಿಯಾಯಿತಿ ಪಡೆದು, ಗಿರಾಕಿ ಕೊಟ್ಟ ಅಂಚೆವೆಚ್ಚಕ್ಕೂ ತಮಗೆ ನಿಜವಾಗಿ ತಗುಲಿದ ವೆಚ್ಚಕ್ಕೂ ನಡುವೆ ಉಳಿದ ಚಿಲ್ಲರೆಯಲ್ಲಿ ಬದುಕುತ್ತಿದ್ದರು. ಹಾಗಾಗಿ ಅವರು ಮಾರುತ್ತಿದ್ದದ್ದು ಅಂಚೆಚೀಟಿಯನ್ನು. ಪುಸ್ತಕವು ಅದನ್ನು ಅಂಟಿಸಲು ಒದಗಿದ ಹಲಗೆಯಾಗಿತ್ತು. ಮೂಗಿಗಿಂತ ಮೂಗುತಿ ಭಾರವೆಂಬ ನಮ್ಮ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ವ್ಯಾಪಾರ ಇನ್ನೊಂದಿರಲಾರದು: ಪುಸ್ತಕ ಒಂದು ಪೆನ್ನಿ, ಅದರ ಚೀಲ ಹತ್ತು ಪೆನ್ಸ್, ಅದರ ಅಂಚೆ ಇನ್ನೂರ ಎಂಬತ್ತು.

ಸ್ಕಾಟ್ಲೆಂಡಿನವರಿಗೆ ಕನಿಷ್ಠ ಬೆಲೆಯೆಂಬ ಕಲ್ಪನೆಯೇ ತಿಳಿದಿಲ್ಲವೆಂದು ಯಾರೂ ಭಾವಿಸಬಾರದು. ಮದ್ಯಕ್ಕೆ ಕನಿಷ್ಠ ಬೆಲೆಯನ್ನು ಕಟ್ಟುವ ಕಾನೂನಿಗಾಗಿ ಅಲ್ಲಿನ ಸರ್ಕಾರ ವಿಸ್ಕಿ ತಯಾರಕರ ಸಂಘದೊಂದಿಗೆ ಸೆಣಸುತ್ತಾ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಗೆದ್ದು, 2018ರ ಮೇ 1ರಿಂದ ಯೂನಿಟ್ಟಿಗೆ 50 ಪೆನ್ಸ್ ಎಂದು ಗೊತ್ತುಪಡಿಸಿತು. 2024ರ ಸೆಪ್ಟೆಂಬರ್ 30ರಿಂದ ಅದು 65 ಪೆನ್ಸ್. ಹತ್ತು ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ ಒಂದು ಯೂನಿಟ್ಟಿನಂತೆ, ಶೇಕಡ 40ರ ಮಾಮೂಲಿ ವಿಸ್ಕಿಯ 700 ಮಿಲಿಲೀಟರಿನ ಬಾಟಲಿಯಲ್ಲಿ 28 ಯೂನಿಟ್ಟುಗಳಿರುವುದರಿಂದ, ಅದನ್ನು 18 ಪೌಂಡ್ 20 ಪೆನ್ಸಿಗಿಂತ ಕಡಿಮೆಗೆ ಮಾರುವಂತಿಲ್ಲ. ಆ ವಿಸ್ಕಿಯ ಚರಿತ್ರೆಯನ್ನು ಒಬ್ಬ ಬಡಪಾಯಿ ಹತ್ತು ವರ್ಷ ಕುಳಿತು ಬರೆದಿದ್ದರೆ, ಅದನ್ನು ಒಂದು ಪೆನ್ನಿಗೆ ಮಾರಲು ಯಾರ ಅಪ್ಪಣೆಯೂ ಬೇಡ.

ಹೊಸ ಪುಸ್ತಕಗಳಿಗಾದರೂ ಒಂದು ಕಾಲದಲ್ಲಿ ಇಂಥ ರಕ್ಷಣೆಯಿತ್ತು. ಪ್ರಕಾಶಕರು ನಿಗದಿಪಡಿಸಿದ ಬೆಲೆಗಿಂತ ಕಡಿಮೆಗೆ ಅಂಗಡಿಯವರು ಮಾರಬಾರದೆಂಬ ‘ನೆಟ್ ಬುಕ್ ಒಪ್ಪಂದ’ 1900ರಿಂದ ನಡೆದುಕೊಂಡು ಬಂದು, 1995ರಲ್ಲಿ ದೊಡ್ಡ ಪ್ರಕಾಶಕರೇ ಅದನ್ನು ಕೈಬಿಟ್ಟಾಗ ಕುಸಿಯಿತು. 1997ರಲ್ಲಿ ನ್ಯಾಯಾಲಯವು ಅದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ತೀರ್ಪಿತ್ತು ಸಮಾಧಿಯ ಮೇಲೆ ಚಪ್ಪಡಿ ಎಳೆಯಿತು. ಅಲ್ಲಿಂದ ಮುಂದೆ ಜನಪ್ರಿಯ ಕಾದಂಬರಿಗಳು ಸೂಪರ್ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಯ ಪಕ್ಕದಲ್ಲಿ ಅರ್ಧ ಬೆಲೆಗೆ ಸಿಗತೊಡಗಿದವು, ಹೊಸದರ ಬೆಲೆ ಬಿದ್ದ ಮೇಲೆ ಹಳೆಯದರ ಬೆಲೆ ನಿಲ್ಲುವುದಾದರೂ ಎಲ್ಲಿ?

ಸರ್ಕಾರದ ತರ್ಕವನ್ನು ನಾನು ಗೌರವದಿಂದಲೇ ಅರ್ಥಮಾಡಿಕೊಳ್ಳಲು ಯತ್ನಿಸಿದ್ದೇನೆ. ಹಾನಿಕರವಾದ ವಸ್ತುವಿಗೆ ಕನಿಷ್ಠ ಬೆಲೆ ಬೇಕು: ಮದ್ಯ ಯಕೃತ್ತಿಗೆ ಹಾನಿಕರ, ಚೀಲ ಸಮುದ್ರಕ್ಕೆ ಹಾನಿಕರ. ಪುಸ್ತಕದಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ಖಚಿತವಾದ ಮೇಲೆ ಅದಕ್ಕೆ ಬೆಲೆ ಏಕೆ ಬೇಕು? ಪುಸ್ತಕದಿಂದ ಏನಾದರೂ ಆಗಬಹುದೆಂದು ಸ್ಕಾಟ್ಲೆಂಡು ನಂಬಿದ್ದ ಕಾಲವೂ ಇತ್ತು. ಎಡಿನ್‌ಬರೊದ ಥಾಮಸ್ ಏಕನ್‌ಹೆಡ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯನ್ನು ದೈವನಿಂದನೆಗಾಗಿ 1697ರ ಜನವರಿಯಲ್ಲಿ ಗಲ್ಲಿಗೇರಿಸಿದರು. ತಾನು ಆಡಿದ ಮಾತೆಲ್ಲ ಓದಿದ ಪುಸ್ತಕಗಳಿಂದ ಬಂದದ್ದೆಂದು ಆ ಹುಡುಗ ಬಿನ್ನವಿಸಿಕೊಂಡದ್ದು ಪ್ರಯೋಜನಕ್ಕೆ ಬರಲಿಲ್ಲ. 1697ರಲ್ಲಿ ಓದು ನೇಣಿಗೆ ಒಯ್ಯುವಷ್ಟು ತೂಕದ್ದಾಗಿತ್ತು. ಸರಿಯಾಗಿ ಮುನ್ನೂರು ವರ್ಷಗಳ ಬಳಿಕ ಬೆಲೆಯ ಪಟ್ಟಿಯಿಂದಲೂ ಬಿಡುಗಡೆ ಹೊಂದುವಷ್ಟು ಹಗುರಾಯಿತು. ಪುಸ್ತಕ ವ್ಯಾಪಾರಿಗಳ ಹಿತವನ್ನು ಬಯಸುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಓದು ಆರೋಗ್ಯಕ್ಕೆ ಅಪಾಯಕಾರಿಯೆಂದು ಯಾರಾದರೂ ವೈದ್ಯರಿಂದ ಬರೆಸಿಕೊಳ್ಳುವುದು. ಆಗ ಅಧ್ಯಾಯಕ್ಕೆ 65 ಪೆನ್ಸ್ ಸಿಕ್ಕರೂ ಸಿಗಬಹುದು.

ಅಲ್ಲಿಯವರೆಗೆ ವ್ಯಾಪಾರಿಯ ದಿನ ಹೇಗೆ ಸಾಗುತ್ತದೆಂಬುದನ್ನು ನೋಡೋಣ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬರುವುದು ಸಾಮಾನ್ಯವಾಗಿ ಕೊಳ್ಳುವವರಲ್ಲ, ಮಾರುವವರು. ತೀರಿಕೊಂಡ ಹಿರಿಯರ ಮನೆ ಖಾಲಿ ಮಾಡುತ್ತಿರುವ ಮಕ್ಕಳು ಕಾರಿನಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸುತ್ತಾರೆ, ಮತ್ತು ಎಲ್ಲ ಪೆಟ್ಟಿಗೆಗಳ ಮೇಲೆ, ಉತ್ಸವಮೂರ್ತಿಯಂತೆ, ಹಿತ್ತಾಳೆಯ ಕೊಂಡಿಯಿರುವ ದಪ್ಪನೆಯ ಕುಟುಂಬದ ಬೈಬಲ್ ಇರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಪ್ರತಿಯೊಂದು ಮರ್ಯಾದಸ್ಥ ಮನೆಯಲ್ಲೂ ಇದ್ದ ಈ ಗ್ರಂಥ, ಎಲ್ಲರ ಮನೆಯಲ್ಲೂ ಇದ್ದ ಕಾರಣಕ್ಕೇ ಯಾರಿಗೂ ಬೇಡವಾಗಿದೆಯೆಂದು ವಿವರಿಸುವಾಗ ಅಂಗಡಿಯವನು ದೇವರನ್ನೂ ಅವರ ಅಜ್ಜಿಯನ್ನೂ ಒಟ್ಟಿಗೆ ಅವಮಾನಿಸಿದವನಾಗುತ್ತಾನೆ. ಎರಡನೆಯ ಪೆಟ್ಟಿಗೆಯಲ್ಲಿ ವಿಶ್ವಕೋಶ. 1768ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಬ್ರಿಟಾನಿಕಾ 2012ರಲ್ಲಿ ಅಚ್ಚಾಗುವುದನ್ನೇ ನಿಲ್ಲಿಸಿತು, ಈಗ ಅದರ ಸಂಪುಟಗಳನ್ನು ತವರೂರಿನಲ್ಲಿಯೇ ಯಾರೂ ಪುಕ್ಕಟೆಗೂ ಹೊತ್ತುಕೊಂಡು ಹೋಗುವುದಿಲ್ಲ. ಮೂರನೆಯ ಪೆಟ್ಟಿಗೆಯ ತಳದಲ್ಲಿ ಹಳೆಯ ಉಗಿಬಂಡಿಗಳ ಬಗ್ಗೆ ಎರಡು ಪುಸ್ತಕಗಳು ಸಿಕ್ಕರೆ ಆ ದಿನ ಶುಭದಿನ, ಏಕೆಂದರೆ ರೈಲಿನ ಪುಸ್ತಕ ಮಾತ್ರ ಬಂದ ವಾರದಲ್ಲೇ ಹೋಗುತ್ತದೆ.

ಹನ್ನೊಂದು ಗಂಟೆಯ ಹೊತ್ತಿಗೆ ಗಿರಾಕಿಗಳು ಬರುತ್ತಾರೆ. ಒಳಗೆ ಕಾಲಿಟ್ಟವರು ಮೊದಲು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡು, ಹಳೆಯ ಪುಸ್ತಕಗಳ ಈ ಪರಿಮಳಕ್ಕೆ ಸಮನಾದದ್ದು ಇನ್ನೊಂದಿಲ್ಲವೆನ್ನುತ್ತಾರೆ. ಅದು ಹಿಂಬದಿಯ ಗೋಡೆಯ ತೇವ, ಅದನ್ನು ಸರಿಪಡಿಸಲು ಹಣವಿಲ್ಲ ಎಂದು ಅಂಗಡಿಯವನು ಹೇಳುವುದಿಲ್ಲ. ಅನಂತರ ಇಷ್ಟೂ ಪುಸ್ತಕಗಳನ್ನು ಓದಿದ್ದೀರಾ ಎಂಬ ಪ್ರಶ್ನೆ, ಬೆಕ್ಕು ಎಲ್ಲಿ ಎಂಬ ವಿಚಾರಣೆ, ಏಣಿಯ ಮೇಲೆ ಹತ್ತಿ ಒಂದು ಫೋಟೋ. ಕೆಲವರು ಪುಸ್ತಕವೊಂದನ್ನು ಕೈಗೆತ್ತಿಕೊಂಡು, ಬೆನ್ನು ತಿರುಗಿಸಿ, ಮೊಬೈಲಿನಲ್ಲಿ ಅದರ ಬೆಲೆಯನ್ನು ಹುಡುಕಿ, ಒಂದು ಪೌಂಡಿನ ವ್ಯತ್ಯಾಸ ಕಂಡರೆ ಅಲ್ಲಿಯೇ ನಿಂತು ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, ಇಂಥ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವುದು ಎಂಥ ದುರಂತ ಎಂದು ನಿಜವಾದ ನೋವಿನಿಂದಲೇ ಹೇಳುತ್ತಾರೆ. ‘ನನಗೆ ಪುಸ್ತಕಗಳೆಂದರೆ ಪ್ರಾಣ’ ಎಂದು ಘೋಷಿಸಿ ಒಳಬಂದವರು ಏನನ್ನೂ ಕೊಳ್ಳುವುದಿಲ್ಲವೆಂಬುದು ಈ ಕಸುಬಿನವರ ಹಳೆಯ ಅನುಭವ. ಮಾತಿಲ್ಲದೆ ಮೂಲೆಗೆ ಹೋಗಿ ಮೊಣಕಾಲೂರಿ ಕೂರುವ ಕೊಳಕು ಕೋಟಿನ ಮುದುಕ ಮಾತ್ರ ಎಂಟು ಪುಸ್ತಕ ಹೊತ್ತು ತರುತ್ತಾನೆ, ಅವನ ಬಳಿ ಚೀಲವೂ ಇರುತ್ತದೆ.

ಈ ಪ್ರೀತಿಯ ಸ್ವರೂಪ ಪೂರ್ತಿಯಾಗಿ ತಿಳಿಯಬೇಕಾದರೆ ಸರ್ ವಾಲ್ಟರ್ ಸ್ಕಾಟರನ್ನು ನೋಡಬೇಕು. ಎಡಿನ್‌ಬರೊದ ನಡುಮಧ್ಯದಲ್ಲಿ ಅವರ ಸ್ಮಾರಕ 61 ಮೀಟರ್ ಎತ್ತರಕ್ಕೆ ನಿಂತಿದೆ. ಪಕ್ಕದ ರೈಲು ನಿಲ್ದಾಣಕ್ಕೆ ಅವರ ಕಾದಂಬರಿಯಿಂದ ವೇವರ್ಲಿ ಎಂಬ ಹೆಸರು ಬಂದಿದೆ. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಪ್ರತಿಯೊಂದು ನೋಟಿನ ಮೇಲೂ ಅವರ ಮುಖವಿದೆ, ಏಕೆಂದರೆ ಸ್ಕಾಟಿಷ್ ಬ್ಯಾಂಕುಗಳ ಒಂದು ಪೌಂಡಿನ ನೋಟುಗಳನ್ನು ಲಂಡನ್ನಿನವರು ರದ್ದುಪಡಿಸಲು ಹೊರಟಾಗ 1826ರಲ್ಲಿ ಪತ್ರಗಳನ್ನು ಬರೆದು ತಡೆದವರು ಅವರು. ಅದೇ ವರ್ಷ ಅವರ ಮುದ್ರಣಾಲಯವೂ ಪ್ರಕಾಶನ ಸಂಸ್ಥೆಯೂ ದಿವಾಳಿಯೆದ್ದು ಒಂದು ಲಕ್ಷ ಪೌಂಡಿಗೂ ಮೀರಿದ ಸಾಲ ಅವರ ತಲೆಗೆ ಬಿತ್ತು. ಸಾಯುವವರೆಗೂ ಅವರು ಬರೆದು ಬರೆದು ಅದನ್ನು ತೀರಿಸುತ್ತಾ ಹೋದರು. ಆ ದುಡಿಮೆಯ ನಡುವೆ, 1827ರಲ್ಲಿ, ಹೈದರಾಲಿಯ ಮೈಸೂರಿನವರೆಗೂ ಬರುವ ಒಂದು ನೀಳ್ಗತೆಯಿದೆ. ಭಾರತವನ್ನು ಕಂಡೇ ಇರದ ಸ್ಕಾಟರ ಸಾಲದ ಒಂದು ಸಣ್ಣ ಕಂತನ್ನು ನಮ್ಮ ಮೈಸೂರೂ ತೀರಿಸಿದೆಯೆಂದು ನಾವು ಹೆಮ್ಮೆಪಡಬಹುದು. ಈಗ ಸ್ಕಾಟರ ಕಾದಂಬರಿಗಳು ಹಳೆಯ ಪುಸ್ತಕದಂಗಡಿಗಳ ಅತ್ಯಂತ ಮೇಲಿನ ಕಪಾಟಿನಲ್ಲಿ, ದೂಳಿನ ಶಾಲು ಹೊದ್ದು, ಯಾರಿಗೂ ತೊಂದರೆ ಕೊಡದೆ ಕುಳಿತಿವೆ. ಸ್ಕಾಟರ ಮುಖವಿರುವ ನೋಟು ಕೊಟ್ಟು ಸ್ಕಾಟರ ಪುಸ್ತಕ ಕೊಂಡ ಗಿರಾಕಿಯನ್ನು ಕಾಣುವ ಭಾಗ್ಯ ಎಷ್ಟು ಜನ ವ್ಯಾಪಾರಿಗಳಿಗಿದೆಯೋ ನನಗೆ ತಿಳಿಯದು. ಆದರೆ ಚರ್ಮದ ರಟ್ಟಿನ ಪೂರ್ಣ ಸಂಗ್ರಹವಾದರೆ ಒಂದು ಆಸೆಯಿದೆ. ಹೋಟೆಲುಗಳ ಮತ್ತು ಮದ್ಯದಂಗಡಿಗಳ ಒಳಾಂಗಣ ಅಲಂಕರಿಸುವವರು ಪುಸ್ತಕಗಳನ್ನು ಗಜದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅವರು ಕೇಳುವುದು ಬಣ್ಣ ಮತ್ತು ಎತ್ತರ ಮಾತ್ರ. ಹೀಗೆ ಕನಿಷ್ಠ ಬೆಲೆಯಿರುವ ವಿಸ್ಕಿಯ ಹಿಂದೆ, ಬೆಲೆಯಿಲ್ಲದ ಸ್ಕಾಟರು ಗೋಡೆಕಾಗದವಾಗಿ ನೆಲೆ ಕಾಣುತ್ತಾರೆ.

ಪುಸ್ತಕ ಯಾರಿಗೂ ಬೇಡ, ಅಂಗಡಿ ಮಾತ್ರ ಎಲ್ಲರಿಗೂ ಬೇಕು ಎಂಬ ಈ ಸತ್ಯವನ್ನು ನೈಋತ್ಯ ಮೂಲೆಯ ಗ್ಯಾಲೊವೇ ಪ್ರಾಂತದ ವಿಗ್‌ಟೌನ್ ಎಂಬ ಊರು ಸ್ಕಾಟ್ಲೆಂಡಿನಲ್ಲಿ ಎಲ್ಲರಿಗಿಂತ ಮೊದಲು ಅರಿತುಕೊಂಡಿತು. ಸುಮಾರು ಸಾವಿರ ಜನರ ಊರು, ರೈಲು ಹಿಂದೆಯೇ ನಿಂತುಹೋಗಿದೆ, ಪಕ್ಕದ ಬ್ಲಾಡ್‌ನಾಕಿನ ವಿಸ್ಕಿ ಭಟ್ಟಿ 1993ರಲ್ಲಿ ಮುಚ್ಚಿತು. ಇನ್ನು ಏನು ಮಾಡುವುದೆಂದು ತೋಚದಿದ್ದಾಗ ಆ ಊರು 1998ರಲ್ಲಿ ಸ್ಕಾಟ್ಲೆಂಡಿನ ‘ರಾಷ್ಟ್ರೀಯ ಪುಸ್ತಕ ಪಟ್ಟಣ’ವಾಯಿತು. ಭಟ್ಟಿ ಮುಂದೆ ಮತ್ತೆ ತೆರೆಯಿತೆಂಬುದನ್ನೂ ಹೇಳಬೇಕು, ಇಲ್ಲವಾದರೆ ಪುಸ್ತಕಗಳೇ ಊರನ್ನು ಉಳಿಸಿದವೆಂಬ ಭ್ರಮೆ ಬಂದೀತು. ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ಕೋವಿಯಿಂದ ಹೊಡೆದುರುಳಿಸಿದ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನವೊಂದನ್ನು, ಬೇಟೆಯಾಡಿದ ಜಿಂಕೆಯ ತಲೆಯನ್ನು ತೂಗುಹಾಕುವಂತೆ, ಹಲಗೆಗೆ ಜಡಿದು ತೂಗುಹಾಕಿದ್ದಾರೆ. ಬಂದವರು ಅದರ ಫೋಟೋ ತೆಗೆದುಕೊಳ್ಳುತ್ತಾರೆ, ಮೊಬೈಲಿನಲ್ಲಿ.

ಅದೇ ಊರಿನಲ್ಲಿ ‘ಓಪನ್ ಬುಕ್’ ಎಂಬ ಇನ್ನೊಂದು ಅಂಗಡಿಯಿದೆ. ಮೇಲೆ ವಾಸದ ಮನೆ, ಕೆಳಗೆ ಪುಸ್ತಕದಂಗಡಿ. ಬಾಡಿಗೆ ಕೊಟ್ಟು ಬಂದು ಇಳಿದುಕೊಂಡವರು ತಾವೇ ಅಂಗಡಿಯನ್ನು ನಡೆಸಬೇಕು. 2015ರಲ್ಲಿ ಇದು ಜಗತ್ತಿನಾದ್ಯಂತ ಸುದ್ದಿಯಾದಾಗ ಬಾಡಿಗೆ ವಾರಕ್ಕೆ 150 ಪೌಂಡ್, ನಿರೀಕ್ಷಿತ ದುಡಿಮೆ ವಾರಕ್ಕೆ 40 ಗಂಟೆ. ಆ ವರ್ಷದ ಅಕ್ಟೋಬರಿನಿಂದ ಬ್ರಿಟನ್ನಿನಲ್ಲಿ ವಯಸ್ಕರ ಕನಿಷ್ಠ ಕೂಲಿ ಗಂಟೆಗೆ 6 ಪೌಂಡ್ 70 ಪೆನ್ಸ್. ಆ ಲೆಕ್ಕದಲ್ಲಿ 40 ಗಂಟೆ ಅಂಗಡಿಯಲ್ಲಿ ಕೂರುವ ನೌಕರನಿಗೆ ಒಡೆಯನು 268 ಪೌಂಡ್ ಕೊಡಬೇಕು, ಇಲ್ಲಿ ಕೂತವನೇ 150 ಪೌಂಡ್ ಕೊಡುತ್ತಾನೆ. ಹಣ ಪುಸ್ತಕೋತ್ಸವದ ಸಂಸ್ಥೆಗೆ ಸಲ್ಲುವುದರಿಂದ ಯಾರ ಜೇಬೂ ತುಂಬುತ್ತಿಲ್ಲ, ಆದ್ದರಿಂದ ದೂರಲು ನನಗೆ ಏನೂ ಇಲ್ಲ. ನಾನು ಬೆರಗಾಗುವುದು ಸರತಿಯನ್ನು ಕಂಡು: ಬೇರೆ ಬೇರೆ ಖಂಡಗಳಿಂದ ಜನ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಿ ಕಾಯುತ್ತಾರೆ. ಹಿಂದಿನವರು ಸಾಲ ತೀರಿಸಲಾಗದೆ ಜೀತಕ್ಕೆ ಸೇರುತ್ತಿದ್ದರು, ಇವರು ವಿಮಾನದ ಟಿಕೆಟ್ ತೆಗೆದುಕೊಂಡು ಸೇರುತ್ತಾರೆ.

ಪಕ್ಕದ ಅಂಗಡಿಯ ನಿಜವಾದ ವ್ಯಾಪಾರಿ, ಕಿಟಕಿಯಿಂದ ಇದನ್ನು ನೋಡುತ್ತಾ, ಇಪ್ಪತ್ತು ವರ್ಷ ತಾನು ನಡೆಸಿದ್ದು ಜಗತ್ತು ಹಂಬಲಿಸುವ ವಿಹಾರವೆಂದು ಅರಿವಾದಾಗ ಏನೆಂದುಕೊಳ್ಳುತ್ತಾನೋ! ವ್ಯತ್ಯಾಸವಿರುವುದು ಇಷ್ಟೇ: ವಿಹಾರಿಗೆ ಎರಡನೆಯ ವಾರದ ಕೊನೆಯಲ್ಲಿ ಹೋಗಲು ಬೇರೆ ಕೆಲಸವಿದೆ. ಅವನು ಕಪಾಟುಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಬಾಗಿಲ ಮುಂದಿನ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚಂದದ ಸಾಲೊಂದನ್ನು ಬರೆದು, ದಿನಕ್ಕೆ ಮೂರು ಪುಸ್ತಕ ಮಾರಿ, ಇದು ತನ್ನ ಬದುಕಿನ ಅತ್ಯುತ್ತಮ ವಾರವೆಂದು ಊರಿಗೆ ಬರೆಯುತ್ತಾನೆ. ದಿನಕ್ಕೆ ಮೂರು ಪುಸ್ತಕ ಮಾರುವುದು ಮತ್ತೊಬ್ಬನ ಬದುಕಿನ ಅತ್ಯಂತ ಕೆಟ್ಟ ವಾರ.

ಆ ನಿಜವಾದ ವ್ಯಾಪಾರಿಯೂ ಪೆದ್ದನಲ್ಲ. ಅವನ ಗಲ್ಲಾದ ಪಕ್ಕದಲ್ಲಿ ಈಗ ಬಟ್ಟೆಯ ಚೀಲಗಳು ತೂಗುತ್ತವೆ, ಅಂಗಡಿಯ ಮುಂಬಾಗಿಲಿನ ರೇಖಾಚಿತ್ರ ಮತ್ತು ಪುಸ್ತಕಪ್ರೇಮದ ಒಂದು ಸಾಲು ಅಚ್ಚಾಗಿರುವಂಥವು. ಇವು ಒಮ್ಮೆ ಬಳಸಿ ಎಸೆಯುವಂಥವಲ್ಲವಾದ್ದರಿಂದ ಹತ್ತು ಪೆನ್ಸಿನ ನಿಯಮ ಇವಕ್ಕಿಲ್ಲ. ಅವನು ಹತ್ತು ಪೌಂಡ್ ಹೇಳುತ್ತಾನೆ, ಚೌಕಾಸಿಯಿಲ್ಲದೆ ಹೋಗುತ್ತವೆ. ಮೂರು ಪೌಂಡಿನ ಕವನ ಸಂಕಲನವನ್ನು ಎರಡಕ್ಕೆ ಕೊಡುವಿರಾ ಎಂದು ಕೇಳಿ, ಕೊನೆಗೆ ಬೇಡವೆಂದು ಹಿಂದಿರುಗಿಸಿದ ಗಿರಾಕಿಯೇ ಚೀಲವನ್ನು ಕೊಂಡು ಹೆಗಲಿಗೆ ಹಾಕಿಕೊಂಡ. ಹೊರಗೆ ಗ್ಯಾಲೊವೇಯ ಮಳೆ ಶುರುವಾಗಿತ್ತು. ಅವನು ಚೀಲದೊಳಕ್ಕೆ ತನ್ನ ಮೊಬೈಲನ್ನು ಜೋಪಾನವಾಗಿ ಇಳಿಸಿ, ಮೇಲೆ ಟೊಪ್ಪಿಯನ್ನು ಮುಚ್ಚಿ, ಮಳೆಯಲ್ಲಿ ಇಳಿದು ಹೋದ.